ಕಟ್ಟಿದವರ ಊರಿನಿಂದ ಅಣ್ಣನಿಗೆ

ಲಕ್ಸರ್, ನೈಲ್ ನದಿಯ ಪಶ್ಚಿಮ ದಂಡೆ

ಪ್ರೀತಿಯ ಅಣ್ಣ,

ರಜೆ ಸಿಕ್ಕಿದೆ, ಕುವೈತಿನಿಂದ ಈಜಿಪ್ಟಿಗೆ ಹೋಗಿಬರ್ತೀನಿ ಅಂದಾಗ ನಮ್ಮವರೆಲ್ಲ ಮಮ್ಮಿ, ಚಿನ್ನದ ಮುಖವಾಡ, ಶಾಪ ಅಂತ ಕೇಳಿದರು. ನೀನೊಬ್ಬನೇ ಬೇರೆ ಕೇಳಿದೆ. "ಅಷ್ಟು ದೊಡ್ಡ ಪಾಯಕ್ಕೆ ರಸಮಟ್ಟ ಇಲ್ದೆ ಮಟ್ಟ ಹೆಂಗೆ ನೋಡಿದ್ರಂತೆ? ಕೇಳ್ಕೊಂಡು ಬಾ." ಅದಕ್ಕೆ ಉತ್ತರ ಸಿಕ್ಕಿದೆ. ಫೋನಿನಲ್ಲಿ ಹೇಳಿದರೆ ನೀನು ಸೈಟಿನಲ್ಲಿ ಯಾರನ್ನೋ ಕೂಗುತ್ತಾ ಅರ್ಧ ಕೇಳಿಸಿಕೊಳ್ಳುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಭಾನುವಾರ ನಿಧಾನವಾಗಿ ಓದು.

ಮೊದಲು ಗೀಜಾದ ದೊಡ್ಡ ಪಿರಮಿಡ್ಡು. ಖುಫು ಅನ್ನುವ ದೊರೆಯದು, ಹತ್ತಿರ ಹತ್ತಿರ 4,500 ವರ್ಷ ಹಿಂದಿನದು. ನಿನ್ನ ಲೆಕ್ಕದಲ್ಲೇ ಹೇಳುತ್ತೇನೆ: ಒಂದೊಂದು ಬದಿ ಸುಮಾರು 755 ಅಡಿ, ಕಟ್ಟಿದಾಗ ಎತ್ತರ ಸುಮಾರು 480 ಅಡಿ. ಕಲ್ಲುಗಳು ಅಂದಾಜು 23 ಲಕ್ಷ. ಅಷ್ಟಗಲದ ಪಾಯದಲ್ಲಿ ಮಟ್ಟದ ವ್ಯತ್ಯಾಸ ಮುಕ್ಕಾಲು ಇಂಚಿನ ಆಸುಪಾಸು, ಅಷ್ಟೇ. ಮೂವತ್ತು-ನಲವತ್ತರ ಸೈಟಿನಲ್ಲಿ ಅರ್ಧ ಇಂಚು ತಪ್ಪಿದರೆ ನೀನು ಆಳುಗಳ ಮೇಲೆ ಎಷ್ಟು ರೇಗುತ್ತೀಯ ಅಂತ ನನಗೆ ಗೊತ್ತು, ಅದಕ್ಕೇ ಈ ಅಂಕಿ ಓದಿದಾಗ ನಿನ್ನನ್ನೇ ನೆನೆದೆ.

ಗಾರೆಯನ್ನೂ ಹತ್ತಿರದಿಂದ ನೋಡಿದೆ. ಒಳಗಿನ ಕಲ್ಲುಗಳು ನಾವು ಚಿತ್ರದಲ್ಲಿ ನೋಡುವಷ್ಟು ನಯವಾಗಿಲ್ಲ. ಒರಟಾಗಿ ಕಡಿದು ಜೋಡಿಸಿ, ಸಂದುಗಳಿಗೆ ಗಾರೆ ತುಂಬಿದ್ದಾರೆ. ಸುಣ್ಣದ ಗಾರೆಯಲ್ಲ, ಜಿಪ್ಸಂ. ಸುಣ್ಣದಕಲ್ಲು ಸುಡುವಷ್ಟು ಸೌದೆ ಈ ದೇಶದಲ್ಲಿ ಎಲ್ಲಿಂದ ಬರಬೇಕು? ಜಿಪ್ಸಂ ಕಡಿಮೆ ಬೆಂಕಿಗೇ ಬೇಯುತ್ತದೆ. ಹೊರಗಿನ ಹೊದಿಕೆಕಲ್ಲಿನ ಕೆಲಸವೇ ಬೇರೆ. ಅದು ನದಿಯ ಆಚೆ ದಡದ ತುರಾ ಗಣಿಯ ಬಿಳಿಕಲ್ಲು. ಬಹುಪಾಲನ್ನು ನಂತರದ ಕಾಲದವರು ಕಿತ್ತು ಕೈರೋ ನಗರ ಕಟ್ಟಲು ಸಾಗಿಸಿದರು, ಬುಡದಲ್ಲಿ ಕೆಲವು ಉಳಿದಿವೆ. 1880ರ ದಶಕದಲ್ಲಿ ಫ್ಲಿಂಡರ್ಸ್ ಪೆಟ್ರಿ ಅನ್ನುವವರು ಆ ಸಂದುಗಳನ್ನು ಅಳೆದಾಗ ಸರಾಸರಿ ಅರ್ಧ ಮಿಲಿಮೀಟರ್ ಬಂತಂತೆ. ನಾನು ಉಗುರು ತೂರಿಸಲು ನೋಡಿದೆ. ತೂರಲಿಲ್ಲ.

ಇಳಿಜಾರನ್ನು ಅವರು ಡಿಗ್ರಿಯಲ್ಲಿ ಅಳೆಯುತ್ತಿರಲಿಲ್ಲ. ನೀನು ಮಾಳಿಗೆಗೆ ವಾಟ ಕೊಡುವ ರೀತಿಯೇ ಅವರದ್ದು. ಅವರ ರಾಜಮೊಳ ಸುಮಾರು 52 ಸೆಂಟಿಮೀಟರ್, ನಮ್ಮ ಮೊಳಕ್ಕಿಂತ ಸ್ವಲ್ಪ ಉದ್ದ. ಅದರಲ್ಲಿ ಏಳು ಅಂಗೈ ಅಗಲ, ಒಂದೊಂದು ಅಂಗೈಗೆ ನಾಲ್ಕು ಬೆರಳು. ಒಂದು ಮೊಳ ಮೇಲೇರಿದರೆ ಐದೂವರೆ ಅಂಗೈ ಒಳಕ್ಕೆ ಸರಿಯಬೇಕು, ಖುಫುವಿನ ಪಿರಮಿಡ್ಡಿನ ಲೆಕ್ಕ ಅಷ್ಟೇ. ಇದನ್ನು ತಲೆಯಲ್ಲಿಟ್ಟುಕೊಂಡ ಮೇಸ್ತ್ರಿ ಬುಡದಿಂದ ತುದಿಯವರೆಗೂ ತಪ್ಪದೆ ಹೋಗಬಹುದು.

ಒಳಗೂ ಹೋಗಿಬಂದೆ. ಮೇಲೇರುವ ದಾರಿ ನಾಲ್ಕಡಿ ಎತ್ತರದ್ದು, ನಡು ಬಗ್ಗಿಸಿಕೊಂಡೇ ಹತ್ತಬೇಕು. ಗಾಳಿಯಿಲ್ಲ, ಬೆವರು ಸುರಿಯುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಸೂರು ಮೇಲೆದ್ದು ದೊಡ್ಡ ಪಡಸಾಲೆ ತೆರೆದುಕೊಳ್ಳುತ್ತದೆ. ಅದರ ತುದಿಯಲ್ಲಿ ದೊರೆಯ ಕೋಣೆ, ಪೂರಾ ಕೆಂಪು ಗ್ರಾನೈಟು. ಈ ಕಲ್ಲನ್ನು ಅಸ್ವಾನಿನಿಂದ ನದಿಯಲ್ಲಿ 800 ಕಿಲೋಮೀಟರಿಗೂ ಹೆಚ್ಚು ದೂರ ತಂದದ್ದು. ಸೂರಿಗೆ ಒಂಬತ್ತು ಚಪ್ಪಡಿ. ಮುಚ್ಚಳವಿಲ್ಲದ ಕಲ್ಲಿನ ಪೆಟ್ಟಿಗೆಯೊಂದು ಮೂಲೆಯಲ್ಲಿದೆ. ಚಿತ್ರವಿಲ್ಲ, ಅಕ್ಷರವಿಲ್ಲ. ಜೊತೆಗಿದ್ದವರಿಗೆ ಇಷ್ಟೇನಾ ಅನ್ನಿಸಿತು. ನನಗೆ ಕಲ್ಲಿಗೆ ಕಲ್ಲು ಕೂಡಿರುವ ಗೆರೆ ನೋಡುತ್ತಾ ಹೊರಗೆ ಬರಲು ಮನಸ್ಸಾಗಲಿಲ್ಲ.

ಆವತ್ತು ಬಸ್ಸಿನಲ್ಲಿ ಒಬ್ಬರು ಇದು ಮನುಷ್ಯರ ಕೆಲಸವೇ ಅಲ್ಲ, ಬೇರೆ ಲೋಕದವರು ಬಂದು ಕಟ್ಟಿಹೋದದ್ದು ಅಂದರು. ಇನ್ನೊಬ್ಬರು, ಚಾಟಿ ಏಟು ತಿಂದ ಗುಲಾಮರು ಅಂದರು. ನನಗೆ ನಿಜವಾಗಲೂ ಸಿಟ್ಟು ಬಂತು ಅಣ್ಣ. ಕೈಯಲ್ಲಿ ಕಸುಬಿರುವವರು ಇದನ್ನು ಮಾಡಿರಬಹುದು ಅಂತ ಯಾಕೆ ಯಾರಿಗೂ ಮೊದಲು ತೋಚುವುದಿಲ್ಲ?

ಮಾಡಿದವರು ಸಿಕ್ಕಿದ್ದಾರೆ. 1990ರಲ್ಲಿ ಪಿರಮಿಡ್ಡುಗಳ ದಕ್ಷಿಣಕ್ಕೆ ಒಂದು ಕುದುರೆ ಎಡವಿದ ಜಾಗದಲ್ಲಿ ಮಣ್ಣಿನ ಗೋಡೆ ಕಂಡಿತು. ಅಗೆದರೆ ಕೆಲಸಗಾರರ ಗೋರಿಗಳು. ಹತ್ತಿರದಲ್ಲೇ ಅವರ ಊರು, ರೊಟ್ಟಿ ಸುಡುತ್ತಿದ್ದ ಒಲೆಗಳು, ತಿಂದು ಬಿಸಾಕಿದ ದನ-ಕುರಿಗಳ ರಾಶಿ ಮೂಳೆ. ಆ ಕೆಲಸಗಾರರ ಅಸ್ಥಿಗಳ ಬಗ್ಗೆ ಓದಿದಾಗ ನನ್ನೊಳಗಿನ ನರ್ಸು ಎದ್ದು ಕೂತಳು. ಸೊಂಟದ ಮತ್ತು ಮೊಣಕಾಲಿನ ಕೀಲುಗಳು ಸವೆದಿವೆ, ಭಾರ ಹೊತ್ತವರ ಮೂಳೆ. ಮುರಿದ ಕೈಮೂಳೆಗಳು ನೆಟ್ಟಗೆ ಕೂಡಿಕೊಂಡಿವೆ. ಹಾಗೆ ಕೂಡಬೇಕಾದರೆ ಯಾರೋ ದಬ್ಬೆ ಕಟ್ಟಿ, ವಾರಗಟ್ಟಲೆ ಕೆಲಸ ಬಿಡಿಸಿ ಮಲಗಿಸಿರಬೇಕು. ಕೈಯೋ ಕಾಲೋ ಕತ್ತರಿಸಿ ತೆಗೆಸಿಕೊಂಡು ಆಮೇಲೆ ವರ್ಷಗಟ್ಟಲೆ ಬದುಕಿದವರೂ ಇದ್ದಾರೆ. ದೊರೆಯ ಕರೆ ಬಂದರೆ ಊರೂರಿನಿಂದ ಬಿಟ್ಟಿ ಕೆಲಸಕ್ಕೆ ಬರಲೇಬೇಕಿತ್ತು, ಅದನ್ನು ಮುಚ್ಚಿಡುವುದಿಲ್ಲ. ಬಂದವರಿಗೆ ಊಟ, ಔಷಧ, ಸತ್ತರೆ ದೊರೆಯ ಪಿರಮಿಡ್ಡಿನ ಕಣ್ಣಳತೆಯಲ್ಲೇ ಗೋರಿ ಇದ್ದವು ಅನ್ನುವುದೂ ಅಷ್ಟೇ ನಿಜ.

ಒಬ್ಬ ಮೇಸ್ತ್ರಿಯ ಡೈರಿಯೇ ಸಿಕ್ಕಿದೆ. ಅವನ ಹೆಸರು ಮೆರೆರ್. ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್‌ನಲ್ಲಿ 2013ರಲ್ಲಿ ಫ್ರಾನ್ಸಿನ ಪಿಯರ್ ತಲ್ಲೆ ಅವರ ತಂಡ ಆ ಹಾಳೆಗಳನ್ನು ಹೊರತೆಗೆಯಿತು. ಬರಹವಿರುವ ಪಪೈರಸ್ಸುಗಳಲ್ಲಿ ಅವಕ್ಕಿಂತ ಹಳೆಯವು ಈವರೆಗೆ ಸಿಕ್ಕಿಲ್ಲ. ಸುಮಾರು 40 ಜನರ ತಂಡ ಕಟ್ಟಿಕೊಂಡು ತುರಾ ಗಣಿಯಿಂದ ದೋಣಿಯಲ್ಲಿ ಕಲ್ಲು ತುಂಬಿ ಖುಫುವಿನ ಪಿರಮಿಡ್ಡಿಗೆ ಹೊಡೆಯುವುದು ಅವನ ಕೆಲಸ. ಇವತ್ತು ಗಣಿಯಲ್ಲಿ ಕಲ್ಲು ತುಂಬಿದೆವು, ಇವತ್ತು ಇಂಥ ಕಡೆ ರಾತ್ರಿ ತಂಗಿದೆವು, ಇವತ್ತು ತಲುಪಿದೆವು, ಅಷ್ಟೇ ಬರೆದಿದ್ದಾನೆ. ನಿನ್ನ ಅಂಗಿ ಜೇಬಿನ ಪುಟ್ಟ ಪುಸ್ತಕದಲ್ಲಿ ಮರಳು ಎಷ್ಟು ಲೋಡು, ಜಲ್ಲಿ ಎಷ್ಟು ಲೋಡು ಅಂತ ಬರೆದಿರುವುದಿಲ್ಲವೇ, ಅದನ್ನೇ.

ದಹ್ಶೂರಿಗೆ ನೀನು ಬಂದಿದ್ದರೆ ಆ ದಿನವೆಲ್ಲ ಅಲ್ಲೇ ಕಳೆಯುತ್ತಿದ್ದೆ. ಖುಫುವಿನ ಅಪ್ಪ ಸ್ನೆಫೆರು ಕಟ್ಟಿಸಿದ ಬಾಗಿದ ಪಿರಮಿಡ್ಡು ಅಲ್ಲಿದೆ. ಬುಡದಿಂದ 54 ಡಿಗ್ರಿಯಷ್ಟು ಕಡಿದಾಗಿ ಏರುತ್ತಾ ಹೋಗಿ, ನಡುವಿನಲ್ಲಿ ಒಮ್ಮೆಲೇ 43 ಡಿಗ್ರಿಗೆ ಇಳಿದುಬಿಡುತ್ತದೆ. ದೂರದಿಂದಲೇ ಹೆಗಲು ಕಾಣಿಸುತ್ತದೆ. ಆಗಿದ್ದು ಇಷ್ಟು: ಕೆಳಗೆ ಗಟ್ಟಿ ಬಂಡೆಯಿಲ್ಲದ ನೆಲ, ಮೇಲೆ ಭಾರ, ಒಳಗಿನ ಕೋಣೆಗಳಲ್ಲಿ ಬಿರುಕು ಬಿಟ್ಟಿತು. ಬಿರುಕಿಗೆ ಗಾರೆ ಮೆತ್ತಿದರು, ಸೀಡರ್ ಮರದ ತೊಲೆ ಕೊಟ್ಟರು, ಕೊನೆಗೆ ಭಾರ ಇಳಿಸಲು ಇಳಿಜಾರನ್ನೇ ತಗ್ಗಿಸಿದರು. ಆಮೇಲೆ ಪಕ್ಕದಲ್ಲೇ ಇನ್ನೊಂದು ಪಿರಮಿಡ್ಡನ್ನು ಬುಡದಿಂದಲೇ 43 ಡಿಗ್ರಿಯಲ್ಲಿ ಎಬ್ಬಿಸಿದರು. ಅದು ಕೆಂಪು ಪಿರಮಿಡ್ಡು, ನೆಟ್ಟಗೆ ನಿಂತಿದೆ. ನನಗೆ ಗೀಜಾಕ್ಕಿಂತ ದಹ್ಶೂರೇ ಹೆಚ್ಚು ಹಿಡಿಸಿತು. ಬಿರುಕು ಕಂಡ ದಿನ ದೊರೆಯ ಮುಂದೆ ನಿಂತು, ಹೀಗೇ ಮುಂದುವರಿದರೆ ಬೀಳುತ್ತದೆ ಸ್ವಾಮಿ ಅಂತ ಹೇಳಿದ ಒಬ್ಬ ಮೇಸ್ತ್ರಿ ಇದ್ದಿರಲೇಬೇಕು. ಅವನ ಎದೆಗಾರಿಕೆ ದೊಡ್ಡದು.

ಈಗ ಲಕ್ಸರಿನ ವಿಷಯ. ಇಲ್ಲಿಗೆ ಬರುವ ಹೊತ್ತಿಗೆ ಕಾಲ ಸಾವಿರ ವರ್ಷಕ್ಕೂ ಹೆಚ್ಚು ಮುಂದೆ ಬಂದಿರುತ್ತದೆ. ದೊರೆಗಳು ಪಿರಮಿಡ್ಡು ಕಟ್ಟುವುದನ್ನು ಬಿಟ್ಟು ಬೆಟ್ಟದೊಳಗೆ ಗೋರಿ ಕೊರೆಸಿಕೊಳ್ಳುತ್ತಿದ್ದರು. ಜನ ರಾಜರ ಕಣಿವೆ ಅನ್ನುವುದು ಅದನ್ನೇ. 1922ರಲ್ಲಿ ಸಿಕ್ಕಿದ ತುತಂಖಾಮುನ್ ಗೋರಿಯ ಮುಂದೆ ಸಾಲು ಉದ್ದವಿತ್ತು. ನೋಡಿದೆ, ಚಿಕ್ಕದು, ಆ ಹುಡುಗ ದೊರೆಯ ದೇಹ ಇನ್ನೂ ಅಲ್ಲೇ ಇದೆ. ಸೇತಿ ದೊರೆಯ ಗೋರಿಗೆ ಬೇರೆ ಟಿಕೆಟ್ಟು, ಬೆಲೆ ಜಾಸ್ತಿ, ಆದರೂ ತೆಗೆದುಕೊಂಡೆ. ಅಲ್ಲಿ ಕಂಡದ್ದನ್ನು ನಿನಗೆ ವಿವರವಾಗಿ ಹೇಳಬೇಕು.

ಇಡೀ ಕಣಿವೆಯಲ್ಲಿ ಅತಿ ಉದ್ದದ ಗೋರಿಗಳಲ್ಲಿ ಅದೊಂದು. ಇಳಿಯುತ್ತಾ ಹೋದಂತೆ ಎರಡೂ ಗೋಡೆ ತುಂಬ ಉಬ್ಬು ಕೆತ್ತನೆ, ಬಣ್ಣ ಮಾಸಿಲ್ಲ. ಕೊನೆಯಲ್ಲಿ ನೀಲಿ ಕಮಾನು ಸೂರಿನ ತುಂಬ ನಕ್ಷತ್ರಗಳು. ಮಧ್ಯೆ ಒಂದು ಕೋಣೆಗೆ ಮಾತ್ರ ಉಳಿ ತಾಗಿಯೇ ಇಲ್ಲ. ಗೋಡೆಯ ಮೇಲೆ ಬರೀ ಗೆರೆ. ಮೊದಲು ಕೆಂಪು ಬಣ್ಣದಲ್ಲಿ ಒಬ್ಬ ಬಿಡಿಸಿದ್ದಾನೆ. ಆಮೇಲೆ ಇನ್ನೊಬ್ಬ, ಅವನಿಗಿಂತ ದೊಡ್ಡ ಕೈ, ಕಪ್ಪು ಬಣ್ಣದಲ್ಲಿ ತಿದ್ದಿದ್ದಾನೆ. ಒಂದು ಕಡೆ ತೋಳಿನ ಗೆರೆಯನ್ನು ಒಂದಿಷ್ಟು ಮೇಲಕ್ಕೆ ಎತ್ತಿದ್ದಾನೆ. ಇನ್ನೊಂದು ಕಡೆ ಕೆಂಪು ಗೆರೆ ಎರಡು ಸಲ ತಡವರಿಸಿದ ಬೆನ್ನನ್ನು ಕಪ್ಪು ಗೆರೆ ಒಂದೇ ಎಳೆತಕ್ಕೆ ಮುಗಿಸಿದೆ. ಕೆಂಪು ಗೆರೆಯವನು ಪಕ್ಕದಲ್ಲಿ ನಿಂತು ನೋಡಿ ಕಲಿತಿರಬೇಕು. ಗೋರಿಯನ್ನು 1817ರಲ್ಲಿ ತೆರೆದ ಬೆಲ್ಜೋನಿ ಈ ಕೋಣೆಗೆ ಚಿತ್ರ ಬಿಡಿಸುವ ಕೋಣೆ ಎಂದೇ ಹೆಸರಿಟ್ಟ. ಅವನೇ ಇಲ್ಲಿಂದ ತೆಗೆಸಿದ ಸೇತಿಯ ಕಲ್ಲಿನ ಶವಪೆಟ್ಟಿಗೆ ಈಗ ಲಂಡನ್ನಿನಲ್ಲಿದೆ, ಕೆತ್ತನೆಯ ಫಲಕಗಳನ್ನು ಆಮೇಲೆ ಬಂದವರು ಪ್ಯಾರಿಸಿಗೂ ಫ್ಲಾರೆನ್ಸಿಗೂ ಕತ್ತರಿಸಿಕೊಂಡು ಹೋಗಿದ್ದಾರೆ. ಆ ಖಾಲಿ ಚೌಕಗಳನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಈ ಗೋರಿಗಳನ್ನು ಕೊರೆದು ಬಣ್ಣ ಹಚ್ಚಿದವರ ಊರಿಗೆ ಆಮೇಲೆ ಹೋದೆ. ಅದರ ಈಗಿನ ಹೆಸರು ದೇರ್ ಎಲ್-ಮದೀನಾ. ಗುಡ್ಡದ ಆಚೆ ಮಗ್ಗುಲಲ್ಲಿ, ಒಂದು ಬೋಳು ಕಣಿವೆಯಲ್ಲಿದೆ. ಟೂರಿಸ್ಟ್ ಬಸ್ಸುಗಳಲ್ಲಿ ಹೆಚ್ಚಿನವು ಇಲ್ಲಿ ನಿಲ್ಲುವುದಿಲ್ಲ. ಹೊರಗೋಡೆಯೊಳಗೆ ಸುಮಾರು 68 ಮನೆ, ಒಂದಕ್ಕೊಂದು ಅಂಟಿಕೊಂಡಿವೆ, ನಡುವೆ ಕಿರಿದಾದ ಓಣಿ. ಗೋಡೆ ಈಗ ಮೊಣಕಾಲಿನವರೆಗೆ, ಕೆಲವು ಕಡೆ ಎದೆಯವರೆಗೆ ಉಳಿದಿದೆ. ಹೊಸ್ತಿಲು ದಾಟಿದರೆ ಮುಂದಿನ ಕೋಣೆ, ಅದರ ಹಿಂದೆ ಕಂಬವಿರುವ ನಡುಮನೆ, ಅದರಾಚೆ ಮಲಗುವ ಜಾಗ, ಹಿಂದೆ ಅಡುಗೆಮನೆ. ಬೀಸುವ ಕಲ್ಲು, ನೆಲಮಾಳಿಗೆಯ ಮೆಟ್ಟಿಲು ಹಾಗೇ ಇವೆ. ಐನೂರು ವರ್ಷದ ಹತ್ತಿರ ಅಪ್ಪನಿಂದ ಮಗನಿಗೆ ಕಸುಬು ಇಳಿಯುತ್ತಾ ಇಲ್ಲೇ ಬಾಳಿದ್ದಾರೆ. ನೀರಿಲ್ಲದ ಜಾಗ, ಕತ್ತೆಗಳ ಮೇಲೆ ನೀರು ಹೊರಿಸಿ ತರಬೇಕಿತ್ತು.

ಅವರು ಕಲ್ಲುಚೂರು, ಮಡಕೆಚೂರುಗಳ ಮೇಲೆ ಎಲ್ಲವನ್ನೂ ಬರೆದಿಡುತ್ತಿದ್ದರು. ಊರ ಪಕ್ಕದ ಒಂದು ದೊಡ್ಡ ಗುಂಡಿಯಲ್ಲೇ ಅಂಥ ಚೂರುಗಳು ಸಾವಿರಗಟ್ಟಲೆ ಸಿಕ್ಕಿವೆ. ಬಾವಿಗೆಂದು 50 ಮೀಟರಿನಷ್ಟು ಆಳ ತೋಡಿ, ನೀರು ಸಿಗದೆ ಕಸ ತುಂಬಿದ ಗುಂಡಿ ಅದು. ಆ ಚೂರುಗಳಿಂದಾಗಿ ಇವರ ದಿನಚರಿ ನಮಗೆ ಗೊತ್ತು. ಹತ್ತು ದಿನಕ್ಕೊಂದು ವಾರ. ಎಂಟು ದಿನ ಕೆಲಸ, ಎರಡು ದಿನ ರಜೆ. ಕೆಲಸದ ದಿನಗಳಲ್ಲಿ ಗುಡ್ಡದ ಮೇಲಿನ ಗುಡಿಸಲುಗಳಲ್ಲಿ ಮಲಗುತ್ತಿದ್ದರು. ಎಡದವರು, ಬಲದವರು ಅಂತ ಎರಡು ತಂಡ, ಒಂದೊಂದಕ್ಕೂ ಒಬ್ಬ ಮೇಸ್ತ್ರಿ. ತಾಮ್ರ-ಕಂಚಿನ ಉಳಿ ಸರ್ಕಾರದ್ದು, ತೂಕ ಹಾಕಿ ಕೊಟ್ಟು ತೂಕ ಹಾಕಿಯೇ ವಾಪಸು ಪಡೆಯುತ್ತಿದ್ದರು. ಗೋರಿಯೊಳಗೆ ಉರಿಸುವ ಬತ್ತಿಗೂ ಎಣಿಕೆ.

ಹಾಜರಿ ಪುಸ್ತಕವೂ ಇದೆ. ಎರಡನೇ ರಾಮ್ಸೆಸ್ ದೊರೆಯ 40ನೇ ವರ್ಷದ್ದು, ಒಂದು ದೊಡ್ಡ ಕಲ್ಲುಹಲಗೆಯ ಮೇಲೆ ಬರೆದದ್ದು, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಯಾರು ಯಾವತ್ತು ಬರಲಿಲ್ಲ, ಯಾಕೆ ಬರಲಿಲ್ಲ ಎಂಬುದೆಲ್ಲ ಅದರಲ್ಲಿದೆ. ಒಬ್ಬನಿಗೆ ಚೇಳು ಕಡಿದಿದೆ. ಒಬ್ಬನಿಗೆ ಕಣ್ಣುಬೇನೆ. ಒಬ್ಬ ಬಿಯರ್ ಮಾಡಲು ಮನೆಯಲ್ಲಿ ಉಳಿದ. ಒಬ್ಬನ ತಾಯಿ ತೀರಿಕೊಂಡಿದ್ದಾಳೆ. ಒಬ್ಬನ ಹೆಂಡತಿ ಮುಟ್ಟಾಗಿದ್ದಾಳೆ. ಆ ತಂಡದಲ್ಲೇ ವೈದ್ಯ ಕಲಿತವನೊಬ್ಬ ಇದ್ದ, ಖಾಯಿಲೆಯವರಿಗೆ ಔಷಧ ಮಾಡಲು ಹೋಗಿದ್ದಾನೆ ಅಂತ ಅವನ ಗೈರುಹಾಜರಿ ಬರೆದಿದ್ದಾರೆ. ಮೂರು ಸಾವಿರ ವರ್ಷದ ಹಿಂದೆ ಸಿಕ್ ಲೀವು! ನಮ್ಮ ವಾರ್ಡಿನವರಿಗೆಲ್ಲ ಇದನ್ನು ಹೇಳಬೇಕು.

ಕೂಲಿ ದುಡ್ಡಿನಲ್ಲಿ ಅಲ್ಲ, ಕಾಳಿನಲ್ಲಿ. ಒಬ್ಬ ಕೆಲಸಗಾರನಿಗೆ ತಿಂಗಳಿಗೆ ರೊಟ್ಟಿಗೆ ನಾಲ್ಕು ಚೀಲ ಗೋಧಿ, ಬಿಯರಿಗೆ ಒಂದೂವರೆ ಚೀಲ ಬಾರ್ಲಿ. ಮೇಸ್ತ್ರಿಗೆ ಐದೂವರೆ ಮತ್ತು ಎರಡು. ಆ ಗೋಧಿ ನಮ್ಮ ಬೆಳಗಾವಿ, ವಿಜಯಪುರದ ಕಡೆ ಬೆಳೆಯುವ ಜವೆಗೋಧಿಯ ಜಾತಿಯದು. ಮೀನು, ತರಕಾರಿ, ಸೌದೆ ಬೇರೆ. ಮೂರನೇ ರಾಮ್ಸೆಸ್ ದೊರೆಯ 29ನೇ ವರ್ಷದಲ್ಲಿ ಈ ಬಟವಾಡೆ ನಿಂತುಹೋಯಿತು. ತಿಂಗಳಲ್ಲಿ 18 ದಿನ ಕಳೆದರೂ ಕಾಳು ಬರಲಿಲ್ಲ. ಕೆಲಸಗಾರರು ಉಳಿ ಕೆಳಗಿಟ್ಟು, ಕಾವಲಿನ ಗೋಡೆಗಳನ್ನು ದಾಟಿ ಬಂದು ಒಂದು ದೇವಸ್ಥಾನದ ಹಿಂದೆ ಕೂತುಬಿಟ್ಟರು. ಹಸಿವು, ಬಾಯಾರಿಕೆ ತಾಳಲಾರದೆ ಬಂದಿದ್ದೇವೆ, ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ತರಕಾರಿಯಿಲ್ಲ, ದೊರೆಗೆ ತಿಳಿಸಿ ಅಂದರು. ಎದ್ದು ಹೋಗಿ ಅಂದರೆ ಏಳಲಿಲ್ಲ. ಹಿಂದಿನ ತಿಂಗಳ ಬಾಕಿ ಕೊಟ್ಟರು. ಮತ್ತೆ ತಪ್ಪಿಸಿದಾಗ ಮತ್ತೆ ಕೂತರು. ಅಮೆನ್ನಖ್ತ್ ಅನ್ನುವ ಗುಮಾಸ್ತ ಇದನ್ನು ದಿನದಿನವೂ ಬರೆದಿಟ್ಟ. ಇಟಲಿಯ ಟ್ಯೂರಿನ್ನಿನಲ್ಲಿ ಆ ಹಾಳೆಯಿದೆ. ಜಗತ್ತಿನಲ್ಲಿ ಬರಹಕ್ಕೆ ಸಿಕ್ಕಿದ ಮೊದಲ ಮುಷ್ಕರ ಇದೇ ಅನ್ನುತ್ತಾರೆ.

ನಾನು ನರ್ಸಿಂಗ್ ಎರಡನೇ ವರ್ಷದಲ್ಲಿದ್ದಾಗ ಒಬ್ಬ ಮನೆ ಮಾಲೀಕ ಗೃಹಪ್ರವೇಶ ಮುಗಿಸಿಕೊಂಡು ನಿನ್ನ ಬಾಕಿಯನ್ನು ತಿಂಗಳುಗಟ್ಟಲೆ ಕೊಡಲಿಲ್ಲ. ನೀನು ಆಳುಗಳಿಗೆ ಅತ್ತಿಗೆಯ ಸರ ಅಡವಿಟ್ಟು ಬಟವಾಡೆ ಮಾಡಿದೆ. ಅದೇ ದುಡ್ಡಿನಲ್ಲಿ ಉಳಿಸಿ ನನ್ನ ಫೀಸೂ ಕಟ್ಟಿದೆ. ನನಗೆ ಹೇಳಲಿಲ್ಲ, ಅತ್ತಿಗೆ ಎಷ್ಟೋ ವರ್ಷದ ಮೇಲೆ ಹೇಳಿದರು. ಆ ಹಾಳು ಓಣಿಯಲ್ಲಿ ನಿಂತು ಮುಷ್ಕರದ ಕತೆ ಕೇಳುವಾಗ ನನಗೆ ಅದೆಲ್ಲ ಒತ್ತರಿಸಿ ಬಂತು. ಎದುರಿಗೆ ಹೇಳಿದರೆ ನೀನು ಮಾತು ತಪ್ಪಿಸುತ್ತೀಯ. ಕಾಗದದಲ್ಲಾದರೂ ಹೇಳುತ್ತೇನೆ: ನಾನು ಇವತ್ತು ನಿಂತಿರುವ ನೆಲ ನೀನು ಕಟ್ಟಿದ್ದು.

ಇಲ್ಲಿಯವರೆಲ್ಲ ದೇವರಂಥವರು ಅಂದುಕೊಳ್ಳಬೇಡ. ಪನೆಬ್ ಅಂತ ಒಬ್ಬ ಮೇಸ್ತ್ರಿಯಿದ್ದ. ಮಂತ್ರಿಗೆ ಲಂಚ ಕೊಟ್ಟು ಮೇಸ್ತ್ರಿ ಪದವಿ ಹಿಡಿದ, ದೊರೆಯ ಗೋರಿಯ ಕಲ್ಲು ಕದ್ದು ತನ್ನ ಗೋರಿಗೆ ಹಾಕಿಕೊಂಡ, ಸರ್ಕಾರದ ಆಳುಗಳನ್ನು ಸ್ವಂತ ಕೆಲಸಕ್ಕೆ ಹಚ್ಚಿದ, ಪರರ ಹೆಂಡಿರನ್ನು ಕೂಡಿದ ಅಂತ ಅವನ ಮೇಲೆ ಉದ್ದನೆಯ ದೂರಿದೆ. ದೂರು ಕೊಟ್ಟವನಿಗೆ ಆ ಪದವಿ ತನಗೆ ಬರಬೇಕಿತ್ತು ಅನ್ನುವ ಸಂಕಟ ಬೇರೆ. ಯಾವುದು ಎಷ್ಟು ನಿಜವೋ. ಸೈಟು ಅಂದಮೇಲೆ ಇವೆಲ್ಲ ಇರುತ್ತವೆ, ನಿನಗೆ ಗೊತ್ತಿಲ್ಲದ್ದೇ?

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಈ ಊರಿನಲ್ಲಿ ಸೆನ್ನೆಜೆಮ್ ಅಂತ ಒಬ್ಬನಿದ್ದ, ಸೇತಿ ದೊರೆಯ ಗೋರಿ ಕೊರೆದವರ ಕಾಲದವನೇ. ಅವನ ಮನೆಯೂ ಗೊತ್ತು, ಗೋರಿಯೂ ಗೊತ್ತು, ಒಂದಕ್ಕೊಂದು ಕೂಗಳತೆ ದೂರ. ಗೋರಿ 1886ರಲ್ಲಿ ಕಳ್ಳರ ಕೈಗೆ ಸಿಗದೆ ಇಡಿಯಾಗಿ ಸಿಕ್ಕಿತು. ಹಗಲೆಲ್ಲ ದೊರೆಯ ಗೋರಿಗೆ ದುಡಿದವರು ರಜೆಯಲ್ಲಿ ತಮ್ಮ ಗೋರಿಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಅವುಗಳ ಮೇಲೆ ಮಣ್ಣಿನ ಇಟ್ಟಿಗೆಯ ಪುಟ್ಟ ಪಿರಮಿಡ್ಡು ಎಬ್ಬಿಸುತ್ತಿದ್ದರು! ದೊರೆಗಳು ಬಿಟ್ಟ ಪಿರಮಿಡ್ಡನ್ನು ಕೆಲಸಗಾರರು ಎತ್ತಿಕೊಂಡರು. ಸೆನ್ನೆಜೆಮ್ಮನ ಗೋರಿಗೆ ಕಡಿದಾದ ಮೆಟ್ಟಿಲಿಳಿದು, ತಲೆ ತಗ್ಗಿಸಿ ನುಗ್ಗಬೇಕು. ಒಳಗೆ ಕಮಾನು ಸೂರಿನ ಸಣ್ಣ ಕೋಣೆ, ಗೋಡೆಯೆಲ್ಲ ಹಳದಿ. ಅವನೂ ಅವನ ಹೆಂಡತಿ ಇಯ್ನೆಫೆರ್ತಿಯೂ ಬೆಳ್ಳಗಿನ ಬಟ್ಟೆ ತೊಟ್ಟು ಪರಲೋಕದ ಹೊಲದಲ್ಲಿ ಉಳುತ್ತಿದ್ದಾರೆ. ಅವನು ನೇಗಿಲು ಹಿಡಿದಿದ್ದಾನೆ, ಅವಳು ಹಿಂದೆ ಬೀಜ ಬಿತ್ತುತ್ತಿದ್ದಾಳೆ. ಸುತ್ತಲೂ ಕಾಲುವೆ, ಕೆಳಗೆ ಹಣ್ಣಿನ ಮರಗಳ ಸಾಲು. ಕತ್ತೆಯ ಮೇಲೆ ನೀರು ತರಿಸಿಕೊಂಡು ಬದುಕಿದವರು ಸತ್ತ ಮೇಲೆ ಕೇಳಿಕೊಂಡದ್ದು ನೀರಾವರಿ ಜಮೀನು.

ಆ ಗೋರಿಯಲ್ಲಿ ಅವನ ಜೊತೆಗಿಟ್ಟಿದ್ದ ಸಲಕರಣೆಗಳನ್ನು ಕೈರೋದ ಮ್ಯೂಸಿಯಮ್ಮಿನವರು ಕಾಪಾಡಿದ್ದಾರೆ. ಮರದ್ದು ಮೂರು. ಒಂದು ಮೂಲೆಮಟ್ಟ, ನಿನ್ನ ಬಳಿ ಇರುವಂಥದ್ದೇ. ಇನ್ನೊಂದು ಗೋಡೆಯ ತೂಗು ನೋಡುವುದು: ಹಲಗೆಗೆ ಮೇಲೊಂದು ಕೆಳಗೊಂದು ಒಂದೇ ಅಳತೆಯ ತುಂಡು, ಮೇಲಿನಿಂದ ದಾರದಲ್ಲಿ ತೂಗುಗುಂಡು. ದಾರ ಕೆಳಗಿನ ತುಂಡನ್ನು ಸವರಿದರೆ ಗೋಡೆ ನೆಟ್ಟಗಿದೆ. ಮೂರನೆಯದೇ ನೀನು ಕೇಳಿದ್ದು. ಎರಡು ಮರದ ಕಾಲುಗಳನ್ನು ಮೇಲೆ ಕೂಡಿಸಿ, ನಡುವೆ ಅಡ್ಡಪಟ್ಟಿ ಕೊಟ್ಟಿದ್ದಾರೆ. ನೆತ್ತಿಯಿಂದ ದಾರ, ದಾರದ ತುದಿಗೆ ಕಲ್ಲಿನ ಗುಂಡು. ಎರಡೂ ಕಾಲು ಊರಿ ನಿಲ್ಲಿಸಿದಾಗ ದಾರ ಅಡ್ಡಪಟ್ಟಿಯ ನಡುಮಧ್ಯದ ಗುರುತಿಗೆ ಬಿದ್ದರೆ ಮಟ್ಟ ಸರಿ. ಅಷ್ಟೇ ಅಣ್ಣ. ಖುಫುವಿನ ಕಾಲಕ್ಕೂ ಇವನಿಗೂ 1,300 ವರ್ಷದಷ್ಟು ಅಂತರವಿದೆ, ಆದರೂ ಪಿರಮಿಡ್ಡಿನವರದ್ದೂ ಇದೇ ಬಗೆಯ ಉಪಾಯವೆಂದು ಬಲ್ಲವರು ಹೇಳುತ್ತಾರೆ. ಆ ಮರದ ಮೇಲೆ ಸೆನ್ನೆಜೆಮ್ಮನ ಹೆಸರು ಕೊರೆದಿದೆ. ದೊರೆಯ ಹೆಸರಲ್ಲ, ಮಟ್ಟ ಹಿಡಿದವನ ಹೆಸರು.

ನೀನು ಬಂದು ನೋಡಬೇಕು, ನಾನು ಕರೆದುಕೊಂಡು ಬರುತ್ತೇನೆ, ದುಡ್ಡಿನ ಮಾತು ಎತ್ತಬೇಡ. ಡಿಸೆಂಬರ್-ಜನವರಿಯಲ್ಲಿ ಬಿಸಿಲು ಹಿತವಾಗಿರುತ್ತದೆ. ನಿನ್ನ ಮೊಣಕಾಲಿಗೆ ಪಿರಮಿಡ್ಡಿನೊಳಗಿನ ದಾರಿ ಬೇಡ, ಹೊರಗಿನಿಂದಲೇ ನೋಡಲು ಬೇಕಾದಷ್ಟಿದೆ. ದೇರ್ ಎಲ್-ಮದೀನಾದ ಓಣಿ ನಡೆಯಲು ಸಲೀಸು, ಸೆನ್ನೆಜೆಮ್ಮನ ಮೆಟ್ಟಿಲು ಮಾತ್ರ ನನ್ನ ಹೆಗಲು ಹಿಡಿದು ಇಳಿಯುವಿಯಂತೆ. ಪಾಸ್‌ಪೋರ್ಟಿಗೆ ಅರ್ಜಿ ತುಂಬಲು ನಿನ್ನ ದೊಡ್ಡ ಮಗನಿಗೆ ಮೆಸೇಜು ಹಾಕಿದ್ದೇನೆ. ಆಧಾರು, ಮಾರ್ಕ್ಸ್‌ಕಾರ್ಡು ಟ್ರಂಕಿನಿಂದ ತೆಗೆದಿಡು. ಅತ್ತಿಗೆಯ ಅರ್ಜಿಯನ್ನೂ ಜೊತೆಗೇ ಹಾಕಿಸು.

ಇಂತಿ ನಿನ್ನ ಪ್ರೀತಿಯ ತಂಗಿ